ಎಚ್‌ಡಿಆರ್ ಪರದೆ ಮತ್ತು ಎರೆಹೊಲದ ಬಿಸಿಲು

ಹತ್ತಿ ಒಡೆಯುವ ಕಾಲದಲ್ಲಿ ದೇವದುರ್ಗದ ಕಡೆಯ ಹಳ್ಳಿಯೊಂದರ ಪಡಸಾಲೆಯಲ್ಲಿ ನಡುಮಧ್ಯಾಹ್ನ ಕುಳಿತು ಬಾಗಿಲಾಚೆ ನೋಡಿ. ಹೊರಗೆ ಎರೆಮಣ್ಣಿನ ಮೇಲೆ ಬಿಳಿ ಹತ್ತಿ ಕಣ್ಣು ಕುಕ್ಕುತ್ತದೆ. ಒಳಗೆ ಮೂಲೆಯ ಮರದ ಕಪಾಟೂ ನಿಮಗೆ ಕಾಣುತ್ತದೆ. ಈಗ ಅದೇ ದೃಶ್ಯವನ್ನು ಸಾಧಾರಣ ಕ್ಯಾಮರಾದಲ್ಲಿ ಹಿಡಿಯಿರಿ. ಹತ್ತಿ ಸರಿಯಾಗಿ ಮೂಡಿದರೆ ಕಪಾಟು ಕಪ್ಪಾಗುತ್ತದೆ; ಕಪಾಟು ಕಂಡರೆ ಹೊಲವೆಲ್ಲ ಬೆಳ್ಳಗೆ ಬೆರಕೆಯಾಗುತ್ತದೆ. ಕಣ್ಣಿಗೆ ಸಾಧ್ಯವಾದದ್ದು ಚಿತ್ರಕ್ಕೆ ಏಕೆ ಸಾಧ್ಯವಾಗಲಿಲ್ಲ? ಇಂದು ಟಿ.ವಿ. ಪೆಟ್ಟಿಗೆಗಳ ಮೇಲೆ ಮುದ್ರಿಸುವ ‘ಎಚ್‌ಡಿಆರ್’, ಅಂದರೆ ಹೈ ಡೈನಮಿಕ್ ರೇಂಜ್, ಎಂಬ ಮೂರಕ್ಷರದ ಹಿಂದಿರುವುದು ಇದೇ ಪ್ರಶ್ನೆ.

ಸ್ವಲ್ಪ ಲೆಕ್ಕ ಮಾಡೋಣ. ಒಂದು ಮೇಲ್ಮೈ ಎಷ್ಟು ಪ್ರಕಾಶವಾಗಿ ಕಾಣುತ್ತದೆ ಎಂಬುದನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂದು ಅಳೆಯುವರು. ಇದನ್ನೇ ಚಿಕ್ಕದಾಗಿ ‘ನಿಟ್’ ಎನ್ನುವರು. ಮೇಲೆ ಬಿದ್ದ ಬೆಳಕನ್ನು ಲಕ್ಸ್‌ನಲ್ಲಿ ತೆಗೆದುಕೊಂಡು, ಮೇಲ್ಮೈ ಹಿಂದಿರುಗಿಸುವ ಪಾಲಿನಿಂದ ಗುಣಿಸಿ, 3.14ರಿಂದ ಭಾಗಿಸಿದರೆ ನಿಟ್ ಸಿಗುತ್ತದೆ. ಪ್ರಖರ ಬಿಸಿಲು ಸುಮಾರು 1,00,000 ಲಕ್ಸ್. ಹತ್ತಿ ಅದರಲ್ಲಿ ಶೇ. 80ರಷ್ಟನ್ನು ಹಿಂದಿರುಗಿಸುತ್ತದೆ ಎಂದಿಟ್ಟುಕೊಂಡರೆ ಅದರ ಪ್ರಕಾಶ ಸುಮಾರು 25,000 ನಿಟ್. ಶೇ. 10ರಷ್ಟು ಹಿಂದಿರುಗಿಸುವ ಎರೆಮಣ್ಣು ಸುಮಾರು 3,000 ನಿಟ್. ವಿಚಿತ್ರವೆಂದರೆ, ಕಡುಕಪ್ಪು ಮತ್ತು ಅಚ್ಚಬಿಳುಪು ಎಂದು ನಾವು ಭಾವಿಸುವ ಇವೆರಡರ ನಡುವಿನ ಅನುಪಾತ ಕೇವಲ 8:1! ಬಿಸಿಲಿನ ಹೊಲವೊಂದನ್ನೇ ತೋರಿಸಲು ಯಾವ ಹೊಸ ತಂತ್ರವೂ ಬೇಡ. ಆದರೆ ಒಳಗಿನ ಮೂಲೆಗೆ 50 ಲಕ್ಸ್ ಬೆಳಕು ಬಿದ್ದಿದ್ದರೆ ಆ ಕಪಾಟಿನ ಪ್ರಕಾಶ ಸುಮಾರು 1.6 ನಿಟ್ ಮಾತ್ರ. ಹತ್ತಿಗೂ ಕಪಾಟಿಗೂ ಅನುಪಾತ 15,000:1ಕ್ಕಿಂತ ಹೆಚ್ಚು. ಈ ಅನುಪಾತವೇ ದೃಶ್ಯದ ‘ಡೈನಮಿಕ್ ರೇಂಜ್’, ನಾವು ಪ್ರಕಾಶವ್ಯಾಪ್ತಿ ಎನ್ನಬಹುದು.

ಹಳೆಯ ಮಾನಕಗಳು ಇಷ್ಟು ವ್ಯಾಪ್ತಿಯ ಕನಸು ಕಂಡಿರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ ‘ಸೈಟ್’ನಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂದಿತು. ಕರ್ನಾಟಕದಿಂದ ಆಯ್ಕೆಯಾಗಿದ್ದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಅಮೆರಿಕದ ಎಟಿಎಸ್-6 ಉಪಗ್ರಹದ ಸಂಕೇತವನ್ನು ತಂತಿಬಲೆಯ ದೊಡ್ಡ ಆಂಟೆನಾ ಹಿಡಿಯುತ್ತಿತ್ತು. ಕಪ್ಪು-ಬಿಳುಪು ಚಿತ್ರನಳಿಕೆಯ ಮುಂದೆ ಸಂಜೆ ಹೊತ್ತು ಊರೇ ಕೂಡುತ್ತಿತ್ತು. ಚಿತ್ರನಳಿಕೆಯ ಬೆಳಕಿಗೆ ಮಿತಿಯಿತ್ತು. ಅದು ಹೋಗಿ ಎಲ್‌ಸಿಡಿ ಬಂದರೂ ಅದರ ಲೆಕ್ಕಾಚಾರ ಮಾತ್ರ ಉಳಿದುಕೊಂಡಿತು. ಸಾಧಾರಣ ಗುಣಮಟ್ಟದ, ಅಂದರೆ ಎಸ್‌ಡಿಆರ್ ಚಿತ್ರವನ್ನು ಇಂದಿಗೂ ಸುಮಾರು 100 ನಿಟ್‌ನ ಪರದೆಗೆಂದು ಸಿದ್ಧಪಡಿಸುತ್ತಾರೆ.

ಹಾಗಾದರೆ ಪರದೆಯ ದೀಪವನ್ನು ಹತ್ತು ಪಟ್ಟು ಜೋರು ಮಾಡಿದರಾಯಿತಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಆಗುವುದಿಲ್ಲ. ಎಸ್‌ಡಿಆರ್‌ನಲ್ಲಿ ಸಾಮಾನ್ಯವಾಗಿ 8 ಬಿಟ್, ಅಂದರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ಪ್ರಕಾಶದಲ್ಲಿ ಶೇ. 1–2ರಷ್ಟು ವ್ಯತ್ಯಾಸವಾದರೆ ನಮ್ಮ ಕಣ್ಣು ಗುರುತಿಸಬಲ್ಲದು. ಪಾಠದಲ್ಲಿ ಬರುವ ವೆಬರ್ ನಿಯಮ ಇದೇ. ಎಸ್‌ಡಿಆರ್‌ನ ಕೆಳಗಿನ ಮೆಟ್ಟಿಲುಗಳಲ್ಲಿ, ಉದಾಹರಣೆಗೆ 20ರಿಂದ 21ಕ್ಕೆ ಏರಿದಾಗ, ಪ್ರಕಾಶ ಶೇ. 12ರಷ್ಟು ಜಿಗಿಯುತ್ತದೆ. ಮಂದ ಪರದೆಯಲ್ಲಿ ಇದು ಹೇಗೋ ಮರೆಯಾಗುತ್ತದೆ. ಬೆಳಕು ಹೆಚ್ಚಿಸಿದರೆ ಮುಸ್ಸಂಜೆಯ ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಎಚ್‌ಡಿಆರ್‌ನಲ್ಲಿ ಕನಿಷ್ಠ 10 ಬಿಟ್, ಅಂದರೆ 1,024 ಮೆಟ್ಟಿಲುಗಳಿವೆ. ಆದರೆ ಜಾಣತನ ಇರುವುದು ಸಂಖ್ಯೆಯಲ್ಲಲ್ಲ, ಹಂಚಿಕೆಯಲ್ಲಿ. 2014ರಲ್ಲಿ ಮಾನಕವಾದ ಪಿಕ್ಯು ಎಂಬ ವಕ್ರರೇಖೆ ಮೆಟ್ಟಿಲುಗಳನ್ನು ಕಣ್ಣಿನ ಸಂವೇದನೆಗೆ ಅನುಗುಣವಾಗಿ ಜೋಡಿಸುತ್ತದೆ. ಅದರ ವ್ಯಾಪ್ತಿ 10,000 ನಿಟ್‌ವರೆಗೆ. ಆದರೂ ಸುಮಾರು ಅರ್ಧದಷ್ಟು ಮೆಟ್ಟಿಲುಗಳನ್ನು ಅದು 100 ನಿಟ್‌ಗಿಂತ ಕೆಳಗೇ ಇಡುತ್ತದೆ. ಬ್ರಿಟನ್ನಿನ ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಪ್ರಸಾರಕ್ಕೆ ಅನುಕೂಲವಾಗುವಂತೆ ರೂಪಿಸಿದ ಎಚ್‌ಎಲ್‌ಜಿ ಎಂಬ ಇನ್ನೊಂದು ಬಗೆಯೂ ಇದೆ. 2016ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎರಡನ್ನೂ ಅಂಗೀಕರಿಸಿತು. (ಮೊಬೈಲ್ ಕ್ಯಾಮರಾದ ಎಚ್‌ಡಿಆರ್ ಬೇರೆ ಸಂಗತಿ. ಹಲವು ಚಿತ್ರಗಳನ್ನು ಬೆರೆಸಿ ದೊಡ್ಡ ವ್ಯಾಪ್ತಿಯನ್ನು ಸಾಧಾರಣ ಪರದೆಗೆ ಹಿಡಿಸುವಂತೆ ಕುಗ್ಗಿಸುವುದು ಅದರ ಮೂಲ ಉಪಾಯ. ಹೆಸರು ಒಂದೇ ಆದ್ದರಿಂದ ಗೊಂದಲ ಸಹಜ.)

ಈಗ ಅಂಗಡಿಗೆ ಬನ್ನಿ. ಮಾನ್ವಿಯ ನಿಮ್ಮ ಶಾಲೆಗೋ ಮನೆಗೋ ಒಂದು ಟಿ.ವಿ. ಬೇಕೆಂದು ರಾಯಚೂರಿಗೆ ಹೋಗಿದ್ದೀರಿ. ‘ಎಚ್‌ಡಿಆರ್ ಇದೆ ಸಾರ್’ ಎನ್ನುತ್ತಾರೆ, ಸುಳ್ಳಲ್ಲ. ಆದರೆ ಆ ಮಾತಿಗೆ ಇರುವ ಅರ್ಥ, ಎಚ್‌ಡಿಆರ್ ಸಂಕೇತವನ್ನು ಅದು ಓದಬಲ್ಲದು ಎಂಬುದಷ್ಟೇ. ಕಡಿಮೆ ಬೆಲೆಯ ಅನೇಕ ಪರದೆಗಳ ಗರಿಷ್ಠ ಪ್ರಕಾಶ 300 ನಿಟ್ ಆಸುಪಾಸು. 1,000 ನಿಟ್‌ಗೆ ಸಿದ್ಧಪಡಿಸಿದ ಚಿತ್ರ ಬಂದಾಗ ಅದು ಮೇಲಿನ ಭಾಗವನ್ನು ಒತ್ತಿ ಕುಗ್ಗಿಸಲೇಬೇಕು. ಇನ್ನೂ ಒಂದು ತೊಡಕಿದೆ. ಎಸ್‌ಡಿಆರ್ ಸಂಕೇತ ಸಾಪೇಕ್ಷ: ‘ಅತಿ ಬಿಳುಪು’ ಎಂದರೆ ಟಿ.ವಿ. ತನ್ನ 300 ನಿಟ್ಟನ್ನೂ ಕೊಟ್ಟುಬಿಡುತ್ತದೆ. ಪಿಕ್ಯು ಸಂಕೇತವಾದರೋ ‘ಇಲ್ಲಿ ಇಷ್ಟೇ ನಿಟ್’ ಎಂದು ಹೇಳುತ್ತದೆ. ಬಿಳಿ ಕಾಗದದಂಥ ವಸ್ತುವಿಗೆ ಅದರಲ್ಲಿ ಸೂಚಿತ ಮಟ್ಟ 203 ನಿಟ್. ಹಾಗಾಗಿ ಅಗ್ಗದ ಪರದೆಯಲ್ಲಿ ಎಚ್‌ಡಿಆರ್ ಚಿತ್ರವೇ ಎಸ್‌ಡಿಆರ್‌ಗಿಂತ ಮಂಕಾಗಿ ಕಂಡರೆ ಟಿ.ವಿ. ಕೆಟ್ಟಿದೆ ಎಂದು ತಿಳಿಯಬೇಡಿ.

ಪರದೆಗಿಂತ ಕೋಣೆಯೇ ದೊಡ್ಡ ಶತ್ರು. ಪರದೆಯು ತನ್ನ ಮೇಲೆ ಬಿದ್ದ ಬೆಳಕಿನ ಶೇ. 1ರಷ್ಟನ್ನು ಚದುರಿಸುತ್ತದೆ ಎಂದುಕೊಳ್ಳೋಣ. ಬಿಳುಪು 300 ನಿಟ್, ಕಪ್ಪು 0.1 ನಿಟ್ ಇರುವ ಎಲ್‌ಸಿಡಿಯ ಅನುಪಾತ ಕತ್ತಲಲ್ಲಿ 3,000:1. ಕಿಟಕಿ-ಬಾಗಿಲು ತೆರೆದು ಪರದೆಯ ಮೇಲೆ 1,000 ಲಕ್ಸ್ ಬಿದ್ದರೆ ಪ್ರತಿಯೊಂದು ಬಿಂದುವಿಗೂ 3.2 ನಿಟ್ ಸೇರಿಕೊಳ್ಳುತ್ತದೆ. ಆಗ ಅನುಪಾತ 303.2:3.3, ಅಂದರೆ ಸುಮಾರು 92:1. ಕಪ್ಪು ಬಿಂದುಗಳನ್ನು ಪೂರ್ತಿ ಆರಿಸಿಬಿಡುವ 800 ನಿಟ್‌ನ ದುಬಾರಿ ಓಎಲ್‌ಇಡಿ ಕೂಡ ಅದೇ ಕೋಣೆಯಲ್ಲಿ ಸುಮಾರು 250:1ಕ್ಕೆ ಇಳಿಯುತ್ತದೆ. ಪರದೆ ಎಳೆದು 20 ಲಕ್ಸ್‌ಗೆ ತಂದರೆ ಮೊದಲಿನ ಅಗ್ಗದ ಎಲ್‌ಸಿಡಿಯೇ 1,800:1 ಕೊಡುತ್ತದೆ. ಇಲ್ಲಿ ಖರ್ಚಾದದ್ದು ಕಿಟಕಿಗೆ ಹಾಕಿದ ಬಟ್ಟೆಯದು ಮಾತ್ರ! ಬೇಸಿಗೆಯಲ್ಲಿ ಸೆಕೆಗೆ ಕಿಟಕಿ ಮುಚ್ಚಲಾಗದ ನಮ್ಮ ತರಗತಿಗಳಿಗೆ, ನನ್ನ ಅಭಿಪ್ರಾಯದಲ್ಲಿ, ಎಚ್‌ಡಿಆರ್‌ಗೆಂದು ಹೆಚ್ಚಿನ ಹಣ ತೆರುವುದು ವ್ಯರ್ಥ. ಅದೇ ಹಣಕ್ಕೆ ದೊಡ್ಡ ಅಳತೆಯ ಸಾಧಾರಣ ಪರದೆ ಸಿಗುವುದಾದರೆ ಹಿಂದಿನ ಬೆಂಚಿನವರಿಗೂ ಅಕ್ಷರ ಕಂಡೀತು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವ ಮನೆಯ ಮಾತು ಬೇರೆ.

ಅಂಗಡಿಯಲ್ಲಿ ಮೂರಕ್ಷರವನ್ನು ಬಿಟ್ಟು ಗರಿಷ್ಠ ಪ್ರಕಾಶ ಎಷ್ಟು ನಿಟ್, ಪರದೆಯ ಹಿಂಬದಿಯ ದೀಪ ಭಾಗಭಾಗವಾಗಿ ಮಂದವಾಗುತ್ತದೆಯೇ ಎಂದು ಕೇಳಿ. ಹಾಗೆ ಮಂದವಾಗದಿದ್ದರೆ ಕಪ್ಪು ಆಕಾಶ ಮತ್ತು ಹೊಳೆಯುವ ಚಂದ್ರ ಎರಡಕ್ಕೂ ಹಿಂದಿರುವುದು ಒಂದೇ ಪ್ರಮಾಣದ ಬೆಳಕು. ಸಾಧ್ಯವಾದರೆ ಒಂದೇ ದೃಶ್ಯವನ್ನು ಎರಡೂ ಬಗೆಯಲ್ಲಿ ಹಾಕಿಸಿ, ಅಂಗಡಿಯ ದೀಪಗಳನ್ನು ಎರಡು ನಿಮಿಷ ಆರಿಸಲು ವಿನಂತಿಸಿ ನೋಡಿ.