ಓದುವ ಹವ್ಯಾಸವೂ ಪರಿಸರದ ಹೊಣೆಯೂ

ವಾಚನವು ಮನುಷ್ಯನ ಸದಭ್ಯಾಸಗಳಲ್ಲಿ ಒಂದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಕ್ಷರ ಮೂಡುವುದು ಕಾಗದದ ಮೇಲೆ. ಕಾಗದದ ಮೂಲವಾದರೋ ಕಾಡು. ಹೊಸ ತಿರುಳಿನಿಂದ ಒಂದು ಟನ್ ಕಾಗದ ತಯಾರಾಗಬೇಕಾದರೆ ಎರಡು ಟನ್ನಿಗೂ ಮಿಕ್ಕಿ ಮರ ಬೇಕು. ಜೊತೆಗೆ ನೀರು, ಇಂಧನ ಹಾಗೂ ರಾಸಾಯನಿಕಗಳ ವೆಚ್ಚವೂ ಅಲ್ಪವೇನಲ್ಲ.

ಈ ಸಂಬಂಧ ಕನ್ನಡ ನಾಡಿಗೆ ಅಪರಿಚಿತವಲ್ಲ. 1950ರ ದಶಕದಲ್ಲಿ ಉತ್ತರ ಕನ್ನಡದ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆರಂಭವಾದಾಗ, ಸುತ್ತಲಿನ ಕಾಡಿನ ಬಿದಿರು ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ದೊರೆಯುತ್ತಿತ್ತು. ಕಾಲಕ್ರಮದಲ್ಲಿ ಬುಟ್ಟಿ ಹೆಣೆದು ಬದುಕುವ ಮೇದಾರರು ಬಿದಿರು ಸಿಗದೆ ಸರಕಾರಕ್ಕೆ ದೂರಿಕೊಂಡರು. 1975ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ರಾಜ್ಯದ ಬಿದಿರು ಸಂಪತ್ತಿನ ಅಧ್ಯಯನಕ್ಕೆ ತೊಡಗಿದರು. ಅವರು ತೋರಿಸಿಕೊಟ್ಟ ಕಾರಣ ಸರಳವಾದುದು: ನಿಸರ್ಗದ ಸೊತ್ತಿಗೆ ಬೆಲೆಯೇ ಇಲ್ಲವೆಂಬಂತಾದರೆ ಅದನ್ನು ಉಳಿಸಿ ಬಳಸುವ ಗರಜು ಯಾರಿಗೂ ಇರುವುದಿಲ್ಲ. ಈ ಮಾತು ಕಾರ್ಖಾನೆಗೆ ಮಾತ್ರವಲ್ಲ, ಓದುಗನ ಮನೆಗೂ ಅನ್ವಯಿಸುತ್ತದೆ.

ಪತ್ರಿಕೆಯ ತೂಕ

ಪರಿಸರದ ಮಾತು ಬಂದೊಡನೆ ಪುಸ್ತಕದ ಕಡೆಗೆ ಬೆರಳು ತೋರಿಸುವುದುಂಟು. ಆದರೆ ಲೆಕ್ಕ ಬೇರೆಯೇ ಇದೆ. ಇನ್ನೂರು ಪುಟಗಳ ಸಾಧಾರಣ ಕಾದಂಬರಿಯೊಂದು ಸುಮಾರು ಕಾಲು ಕಿಲೋ ತೂಗುತ್ತದೆ. ಹದಿನಾರು ಪುಟಗಳ ದಿನಪತ್ರಿಕೆಯ ಒಂದು ಪ್ರತಿ ಸುಮಾರು 65 ಗ್ರಾಂ. ವರ್ಷದ 360 ದಿನಗಳಿಗೆ ಇದು 23 ಕಿಲೋ ಆಗುತ್ತದೆ. ಎಂದರೆ ತೊಂಬತ್ತಕ್ಕೂ ಹೆಚ್ಚು ಕಾದಂಬರಿಗಳ ತೂಕ! ಕಾದಂಬರಿ ಐವತ್ತು ವರ್ಷ ಬಾಳಬಲ್ಲದು. ಪತ್ರಿಕೆ ಸಂಜೆಗೇ ಹಳತಾಗುತ್ತದೆ. ಆದುದರಿಂದ ಮಿತವ್ಯಯ ಪ್ರಾರಂಭವಾಗಬೇಕಾದುದು ಪತ್ರಿಕೆಯಿಂದ. ಸೊಸೈಟಿಯ ಒಂದೇ ಮಾಳಿಗೆಯ ಎರಡು ಸಂಸಾರಗಳು ಒಂದು ಪ್ರತಿಯನ್ನು ಹಂಚಿಕೊಂಡು ಓದಿದರೂ ವರ್ಷಕ್ಕೆ 23 ಕಿಲೋ ಕಾಗದ ಉಳಿಯುತ್ತದೆ. ಚಾಳುಗಳಲ್ಲಿ ಬಾಳಿದ ಹಿರಿಯರಿಗೆ ಈ ಪದ್ಧತಿಯನ್ನು ಯಾರೂ ಕಲಿಸಬೇಕಾಗಿಲ್ಲ.

ಓದಿದ ಪತ್ರಿಕೆ ರದ್ದಿಯವನ ಮೂಲಕ ಮತ್ತೆ ಕಾರ್ಖಾನೆ ಸೇರುವುದು ಲೇಸು. ಐದರಿಂದ ಏಳು ಬಾರಿ ಮರುಬಳಕೆಯಾಗುವವರೆಗೆ ಅದರ ನಾರು ಬಾಳುತ್ತದೆ. ಆದರೆ ಅದರಲ್ಲಿ ವಡಾಪಾವ್, ಭಜಿಯಾಗಳನ್ನು ಕಟ್ಟಿಕೊಡುವುದು ಆರೋಗ್ಯಕ್ಕೆ ಹಾನಿಕರ. ಮುದ್ರಣದ ಶಾಯಿಯಲ್ಲಿ ಸೀಸದಂಥ ವಿಷಕಾರಿ ಅಂಶಗಳಿರಬಹುದು. ಬಿಸಿ ಹಾಗೂ ಎಣ್ಣೆಯ ಸಂಪರ್ಕದಿಂದ ಅವು ತಿನಿಸಿಗೆ ಇಳಿಯುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ಇದನ್ನು ನಿಷೇಧಿಸಿವೆ. 2023ರಲ್ಲಿ ಪ್ರಾಧಿಕಾರವು ಮತ್ತೊಮ್ಮೆ ಎಚ್ಚರಿಕೆ ನೀಡಿತು. ಗಿರಾಕಿಯೇ ಬೇಡವೆನ್ನುವುದು ಸುಲಭ ಮಾರ್ಗ.

ಒಂದು ಪ್ರತಿ, ಹಲವು ವಾಚಕರು

ಪುಸ್ತಕವು ನಿಸರ್ಗದ ಮೇಲೆ ಹೊರಿಸುವ ಭಾರವೆಲ್ಲ ಅದು ತಯಾರಾಗುವಾಗಲೇ ಬೀಳುತ್ತದೆ. ಒಬ್ಬನೇ ಓದಿ ಕಪಾಟಿಗಿಟ್ಟರೆ ಅಷ್ಟೂ ಅವನ ಲೆಕ್ಕಕ್ಕೆ. ಹತ್ತು ಮಂದಿ ಓದಿದರೆ ಹತ್ತರಲ್ಲೊಂದು ಪಾಲು. ಗ್ರಂಥಾಲಯದ ಸದಸ್ಯತ್ವ, ಮಾಟುಂಗದ ಕಿಂಗ್ಸ್ ಸರ್ಕಲ್ಲಿನ ಹಳೆಯ ಪುಸ್ತಕದ ಅಂಗಡಿಗಳು, ಸ್ನೇಹಿತರೊಳಗಿನ ವಿನಿಮಯ, ಇವೆಲ್ಲ ಪರಿಸರ ಸಂರಕ್ಷಣೆಯ ಉಪಾಯಗಳೇ ಆಗಿವೆ.

ಎಲ್ಲರೂ ಎರವಲು ಪಡೆದರೆ ಕನ್ನಡ ಲೇಖಕನ ಗತಿಯೇನೆಂಬ ಪ್ರಶ್ನೆ ಸಹಜ. ಎಷ್ಟೋ ಕನ್ನಡ ಪುಸ್ತಕಗಳು ಐನೂರು, ಸಾವಿರ ಪ್ರತಿಗಳಷ್ಟೇ ಮುದ್ರಣವಾಗುತ್ತವೆ. ಅವುಗಳನ್ನು ಕೊಳ್ಳುವುದು ನಿಂತರೆ ಬರೆಯುವುದೂ ನಿಂತೀತು. ಕೊಳ್ಳುವುದನ್ನು ಬಿಡಬೇಕಾಗಿಲ್ಲ, ಕೊಂಡದ್ದನ್ನು ಕೂಡಿಡುವುದನ್ನು ಬಿಟ್ಟರೆ ಸಾಕು.

ಇ-ಪುಸ್ತಕದ ಉಪಕರಣವೂ ನಿರ್ದೋಷಿಯಲ್ಲ. ಅದರ ತಯಾರಿಕೆಗೆ ಲಿಥಿಯಂ ಮೊದಲಾದ ಲೋಹಗಳ ಗಣಿಗಾರಿಕೆ ಬೇಕು. ಬಹಳ ಓದುವವನು ಹಲವು ವರ್ಷ ಬಳಸಿದರೆ ಲಾಭ. ವರ್ಷಕ್ಕೆರಡು ಪುಸ್ತಕ ಓದುವವನಿಗೆ ನಷ್ಟ. ಕೈಯಲ್ಲಿರುವ ಮೊಬೈಲಿನಲ್ಲೇ ಓದುವುದಾದರೆ ಹೊಸ ಹೊರೆಯೇನೂ ಇಲ್ಲ. ಭಾರತದಲ್ಲಿ ಲೇಖಕನ ಮರಣಾನಂತರ 60 ವರ್ಷಗಳಿಗೆ ಹಕ್ಕುಸ್ವಾಮ್ಯ ಮುಗಿಯುವುದರಿಂದ, ಮುದ್ದಣ, ಪಂಜೆ ಮಂಗೇಶರಾಯರಂಥವರ ಕೃತಿಗಳು ಇಂದು ಸರ್ವರ ಸೊತ್ತು.

ರದ್ದಿಗೆ ಹೋಗದಿರಲಿ

ಮುಂಬಯಿ ಕನ್ನಡಿಗರ ಪಾಲಿಗೆ ಇದು ಕಾಗದದ ಪ್ರಶ್ನೆ ಮಾತ್ರವಲ್ಲ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತ ಪೀಳಿಗೆಯೊಂದು ಸಂಬಳದಲ್ಲಿ ಉಳಿಸಿ ಕೊಂಡ ಪುಸ್ತಕಗಳು ಮನೆಮನೆಗಳಲ್ಲಿವೆ. ಮಕ್ಕಳು ಕನ್ನಡ ಓದಲಾರರು. ಚಾಳು ಪುನರ್ನಿರ್ಮಾಣಕ್ಕೆ ಹೋಗುವಾಗ ಕಪಾಟು ಬರಿದಾಗುತ್ತದೆ. ತಕ್ಕಡಿಗೆ ಕಾರಂತರೂ ಒಂದೇ, ಹಳೆಯ ಟೆಲಿಫೋನ್ ಡೈರೆಕ್ಟರಿಯೂ ಒಂದೇ. ಕಿಲೋಗೆ ನಾಲ್ಕು ಕಾದಂಬರಿ. ಅವು ಒಂದು ವಡಾಪಾವಿನ ಬೆಲೆಯನ್ನು ತರುವುದೂ ಕಷ್ಟ. ಮುದ್ರಣದಲ್ಲಿಲ್ಲದ ಗ್ರಂಥ ಹೀಗೆ ತಿರುಳಾದರೆ ಯಾವ ಹಣದಿಂದಲೂ ಮರಳಿ ಬಾರದು.

ಆದುದರಿಂದ ಪ್ರತಿ ಮನೆಯೂ ತನ್ನಲ್ಲಿರುವ ಪುಸ್ತಕಗಳ ಪಟ್ಟಿಯೊಂದನ್ನು ಮಾಡಿ, ಮುಂದೆ ಅವು ಯಾರಿಗೆ ಸೇರಬೇಕೆಂಬುದನ್ನು ಬರೆದಿಡುವುದು ಒಳಿತು. ಉಪನಗರಗಳ ಕನ್ನಡ ಸಂಘಗಳು, ಉಳಿದಿರುವ ಕನ್ನಡ ಶಾಲೆಗಳು, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇವುಗಳನ್ನು ಮುಂಚಿತವಾಗಿ ವಿಚಾರಿಸಿ ಬೇಕಾದುದನ್ನು ಒಪ್ಪಿಸಬಹುದು.

ಅಲ್ಲಿಯವರೆಗೆ ಪುಸ್ತಕಗಳನ್ನು ಕಾಪಾಡುವುದೂ ಕರ್ತವ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಊರಿದು. ಕಪಾಟು ನೆಲದಿಂದ ಎತ್ತರದಲ್ಲಿರಲಿ, ಒದ್ದೆ ಗೋಡೆಗೆ ತಾಗದಿರಲಿ. ಮಳೆಗಾಲ ಕಳೆದೊಡನೆ ಪುಸ್ತಕಗಳನ್ನು ಬಿಡಿಸಿ ಗಾಳಿಗಿಡಬೇಕು. ಬೂಷ್ಟು ಹಿಡಿದ ಪುಟ ಉಬ್ಬಸದವರಿಗೆ ಕೇಡು; ಅಂಥದನ್ನು ಒರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಕ್ಷೇಮ.

ಕಾಡು ಒಮ್ಮೆ ಕೊಟ್ಟದ್ದನ್ನು ಹತ್ತು ಕೈಗಳಿಗೆ ದಾಟಿಸುವುದೇ ಓದುಗನು ತೀರಿಸಬಹುದಾದ ಋಣ. ಸಂಘದ ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯನೂ ಓದಿ ಮುಗಿಸಿದ ಒಂದು ಪುಸ್ತಕವನ್ನು ತಂದು, ಮತ್ತೊಂದನ್ನು ಒಯ್ಯುವ ಪರಿಪಾಠ ಆರಂಭವಾಗಲಿ.