ಕಂದಾಯ ಹೋದದ್ದೆಲ್ಲಿಗೆ?

ಸರ್ಕಾರದ ಹಣ ಎಲ್ಲಿಗೆ ಹೋಗುತ್ತದೆಂಬ ಗೊಣಗಾಟ ಯಾವ ಊರಿನ ಅರಳಿಕಟ್ಟೆಗೂ ಹೊಸದಲ್ಲ. ಚನ್ನಗಿರಿ ಸೀಮೆಯ ಕತ್ತಲಗೆರೆಯಲ್ಲಿ ಒಂದು ಕಾಲಕ್ಕೆ ಅದಕ್ಕೆ ಬಲವಾದ ಕಾರಣವೇ ಇದ್ದಿತು. ಅಲ್ಲಿನ ರೈತ ತೆತ್ತ ಕಂದಾಯ ಮೈಸೂರಿನ ಬೊಕ್ಕಸ ಸೇರುತ್ತಿದ್ದಿತು. 1799ರ ಒಪ್ಪಂದದಂತೆ ಆ ಬೊಕ್ಕಸದಿಂದ ವರ್ಷಕ್ಕೆ 24.5 ಲಕ್ಷ ರೂಪಾಯಿ ಬ್ರಿಟಿಷರಿಗೆ ಪೊಗದಿಯಾಗಿ ಸಲ್ಲಬೇಕಾಗಿದ್ದಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಅದನ್ನು 35 ಲಕ್ಷಕ್ಕೇರಿಸಿದರು. ಏರಿಸಿದ ಹತ್ತೂವರೆ ಲಕ್ಷವನ್ನು ಬಿಟ್ಟುಕೊಡುವುದಾಗಿ ವೈಸರಾಯ್ ಇರ್ವಿನ್ ಸಾರಿದ್ದು 1927ರಲ್ಲಿ.

ಆ ಹಣದಲ್ಲಿ ಎಷ್ಟು ಕೆರೆಗಳ ಹೂಳೆತ್ತಬಹುದಾಗಿದ್ದಿತೋ!

ಸ್ವಾತಂತ್ರ್ಯ ಬಂದ ಮೇಲೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟೆ ಎದ್ದಿತು. ಅದರ ನಾಲೆ ಚನ್ನಗಿರಿ ಸೀಮೆಯ ಗದ್ದೆಗಳಿಗೂ ಹರಿಯಿತು. ಸರ್ಕಾರ ಹಣವನ್ನು ನೀರಿನಂತೆ ಚೆಲ್ಲುತ್ತದೆಂದು ಜನ ಇಂದಿಗೂ ಗೊಣಗುವುದುಂಟು. ಇಲ್ಲಿ ಮಾತ್ರ ಅದು ನಿಜವಾಗಿಯೂ ನೀರಾಗಿ, ತೆತ್ತವನ ಹೊಲಕ್ಕೇ ಮರಳಿ ಬಂದಿತು.