ರೋಗಿಯ ಶಯ್ಯೆಯ ಬಳಿ ಶ್ರವಣಾತೀತ ಧ್ವನಿ

ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಉಪಕರಣವೊಂದು ಎಂದು ಹುಟ್ಟಿತೆಂಬುದಕ್ಕಿಂತ ಅದು ಯಾರ ಕೈ ಸೇರಿತೆಂಬುದು ಕೆಲವೊಮ್ಮೆ ಹೆಚ್ಚು ಮಹತ್ತ್ವದ ಸಂಗತಿಯಾಗುತ್ತದೆ. ತುರ್ತು ಚಿಕಿತ್ಸೆಯಲ್ಲಿ ಬಳಸಲ್ಪಡುವ ಅಲ್ಟ್ರಾಸೌಂಡ್ ಪರೀಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ. ನಾವು ವೈದ್ಯರಲ್ಲ, ಚರಿತ್ರೆಯ ಅಭ್ಯಾಸಿಗಳು. ಆದುದರಿಂದ ಆ ಪರೀಕ್ಷೆಯ ಬೆಳೆವಣಿಗೆಯನ್ನೂ ಅದು ಒದಗಿಸುವ ಸಾಕ್ಷ್ಯದ ಬೆಲೆಯನ್ನೂ ಪರಿಶೀಲಿಸುವುದಷ್ಟೇ ಇಲ್ಲಿ ನಮ್ಮ ಉದ್ದೇಶ.

ಸೆಕೆಂಡಿಗೆ ಸುಮಾರು 20,000ಕ್ಕೂ ಹೆಚ್ಚು ಕಂಪನಗಳುಳ್ಳ ಧ್ವನಿ ಮನುಷ್ಯನ ಕಿವಿಗೆ ಕೇಳಿಸದು. 1880ರಲ್ಲಿ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದನ್ನು ಕಂಡರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವೆನ್ ಇಂಥ ಹರಳುಗಳಿಂದ ಶ್ರವಣಾತೀತ ಧ್ವನಿಯನ್ನು ಹೊರಡಿಸಿ, ಅದರ ಪ್ರತಿಧ್ವನಿಯ ಮೂಲಕ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಯತ್ನಿಸಿದರು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಇದೇ ವಿಧಾನದಿಂದ ಹೃದಯದ ಚಲನೆಯನ್ನು ಗುರುತಿಸಿದರು. 1958ರಲ್ಲಿ ಗ್ಲಾಸ್ಗೋ ನಗರದ ಇಯನ್ ಡೊನಾಲ್ಡ್ ಮತ್ತು ಸಂಗಡಿಗರು ಉದರದ ಗಡ್ಡೆಗಳ ಪರೀಕ್ಷೆಯ ವಿವರಗಳನ್ನು ಪ್ರಕಟಿಸಿದರು. ಅಂದಿನ ಯಂತ್ರಗಳು ದೊಡ್ಡವು. ರೋಗಿಯೇ ಯಂತ್ರವಿದ್ದೆಡೆಗೆ ಹೋಗಬೇಕಾಗಿತ್ತು. ಯಂತ್ರವು ಚಿಕ್ಕದಾದಂತೆಲ್ಲ ರೋಗಿಯ ಶಯ್ಯೆಯ ಬಳಿಗೆ ಬಂದಿತು. ಚಿತ್ರವನ್ನು ಪಡೆಯುವವನೂ ಅದನ್ನು ಅರ್ಥೈಸುವವನೂ ಚಿಕಿತ್ಸೆ ನಡೆಸುವವನೂ ಒಬ್ಬನೇ ವೈದ್ಯನಾದನು.

ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟುಬಿದ್ದು ರಕ್ತದೊತ್ತಡ ಕುಸಿಯುತ್ತಿರುವ ರೋಗಿಯೊಬ್ಬನನ್ನು ಭಾವಿಸೋಣ. ಹೊರಗೆ ಗಾಯವಿಲ್ಲ, ಒಳಗೆ ರಕ್ತ ಸುರಿಯುತ್ತಿದೆಯೆ? ಅವನನ್ನು ಬೇರೊಂದು ಕೊಠಡಿಗೆ ಸಾಗಿಸುವುದೇ ಅಪಾಯಕರ. 1990ರ ದಶಕದಲ್ಲಿ ‘ಫಾಸ್ಟ್’ ಎಂದು ಹೆಸರಾದ ಪರೀಕ್ಷೆಯಲ್ಲಿ ವೈದ್ಯನು ನಾಲ್ಕು ಎಡೆಗಳನ್ನು ನೋಡುತ್ತಾನೆ: ಹೃದಯದ ಸುತ್ತ, ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ, ಪ್ಲೀಹದ ಸುತ್ತ, ಕಿಬ್ಬೊಟ್ಟೆಯ ತಳದಲ್ಲಿ. ದ್ರವವು ಪ್ರತಿಧ್ವನಿಯನ್ನು ಹಿಂದಿರುಗಿಸದ ಕಾರಣ ಪರದೆಯ ಮೇಲೆ ಕಪ್ಪಾಗಿ ತೋರುತ್ತದೆ. ಇಂಥ ರೋಗಿಯ ಹೊಟ್ಟೆಯಲ್ಲಿ ಆ ಕಪ್ಪು ಕಂಡರೆ, ಕೂಡಲೆ ಶಸ್ತ್ರಚಿಕಿತ್ಸೆ ನಡೆಸಲು ಅದು ಬಲವಾದ ಕಾರಣ.

ಶ್ವಾಸಕೋಶದ ವಿಷಯ ಇನ್ನೂ ಸ್ವಾರಸ್ಯವಾದುದು. ಗಾಳಿಯು ಈ ಧ್ವನಿಗೆ ಅಡ್ಡಿಯಾಗುವುದರಿಂದ ಶ್ವಾಸಕೋಶವನ್ನು ಹೀಗೆ ಪರೀಕ್ಷಿಸಲಾಗದೆಂದು ಬಹುಕಾಲ ನಂಬಲಾಗಿತ್ತು. ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೈನ್ ಆ ಅಡ್ಡಿಯಿಂದ ಮೂಡುವ ಹುಸಿರೇಖೆಗಳನ್ನೇ ಓದುವ ಕ್ರಮವನ್ನು ಬೆಳೆಸಿದರು. ತೀವ್ರ ಉಸಿರಾಟದ ತೊಂದರೆಯ ಕಾರಣಗಳನ್ನು ವಿಂಗಡಿಸುವ ಅವರ ‘ಬ್ಲೂ’ ಕ್ರಮ 2008ರಲ್ಲಿ ಪ್ರಕಟವಾಯಿತು.

ಶಾಸನದಲ್ಲಿ ಹೆಸರು ದೊರೆಯದ ಮಾತ್ರಕ್ಕೆ ಆ ವ್ಯಕ್ತಿ ಇರಲೇ ಇಲ್ಲವೆಂದು ಚರಿತ್ರಕಾರನು ಹೇಳಲಾರನು. ಅಂತೆಯೇ, ಪರದೆಯಲ್ಲಿ ಕಪ್ಪು ಕಾಣದ ಮಾತ್ರಕ್ಕೆ ಒಳಗೆ ಪೆಟ್ಟಿಲ್ಲವೆನ್ನಲಾಗದು. ಅಲ್ಪ ಪ್ರಮಾಣದ ರಕ್ತ, ಕರುಳಿನ ಗಾಯ, ಉದರದ ಹಿಂಬದಿಯ ಸ್ರಾವ ಕಣ್ತಪ್ಪಬಹುದು. ಕಂಡ ದ್ರವವು ರಕ್ತವೋ, ಹಳೆಯ ಜಲೋದರವೋ ಎಂಬುದನ್ನೂ ಚಿತ್ರವು ತಾನಾಗಿ ಹೇಳದು. ಹಿಂದೆ ನೋಡುವವನೊಬ್ಬ, ನಿರ್ಣಯಿಸುವವನೊಬ್ಬನಿದ್ದುದರಿಂದ ಒಬ್ಬನ ತಪ್ಪನ್ನು ಇನ್ನೊಬ್ಬನು ತಿದ್ದುವ ಅವಕಾಶವಿತ್ತು. ಈಗ ಅವಸರದಲ್ಲಿರುವ ಒಂದೇ ಮನಸ್ಸು ತಾನು ನಿರೀಕ್ಷಿಸಿದ್ದನ್ನೇ ಕಂಡುಬಿಡುವ ಭಯವುಂಟು. ಆದುದರಿಂದ ಸಂದೇಹವುಳ್ಳಲ್ಲಿ ಪರೀಕ್ಷೆಯನ್ನು ಮತ್ತೆ ಮಾಡುವುದೂ, ಇತರ ಸಾಕ್ಷ್ಯಗಳೊಡನೆ ತಾಳೆ ನೋಡುವುದೂ ಅವಶ್ಯಕ. ಯಂತ್ರವು ಶಯ್ಯೆಯ ಬಳಿಗೆ ಬಂದುದರಿಂದ ಕಾಲ ಉಳಿಯಿತು. ವಿವೇಚನೆಯ ಹೊಣೆ ಮಾತ್ರ ಹೆಚ್ಚಿತು.